ಎಂಟು ಓಟಗಳ ನಡುವೆ

ಆಗ ನಾವು ವಿಲೆ ಪಾರ್ಲೆ ಪೂರ್ವದಲ್ಲಿ, ಏರ್‌ಪೋರ್ಟ್ ಗೋಡೆಗೆ ಹತ್ತಿರದ ಒಂದು ಚಾಳಿನಲ್ಲಿದ್ದೆವು. ಒಂದು ಖೋಲಿ, ಅದರ ಮೂಲೆಯಲ್ಲಿ ಜಳಕಕ್ಕೆ, ಪಾತ್ರೆಗೆ ಒಂದು ಮೋರಿ, ಬಾಗಿಲ ಮುಂದೆ ಚಪ್ಪಲಿ ಬಿಡುವಷ್ಟು ಜಾಗ. ವಿಮಾನ ಏಳುವಾಗ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಗಾಳಿ ನಮ್ಮ ಕಡೆ ತಿರುಗಿದ ದಿನ ಇಡೀ ಚಾಳಿಗೆ ಬಿಸ್ಕತ್ತಿನ ವಾಸನೆ. ಆ ಬಿಸ್ಕತ್ತಿನ ಕಾರ್ಖಾನೆಯ ಪ್ಯಾಕಿಂಗಿನಲ್ಲೇ ನನ್ನ ಕೆಲಸ. "ನಿನ್ನ ಸೀರಿ ಹಿಂಡಿದ್ರ ಚಾಕ್ಕ ಸಕ್ಕರಿ ಬ್ಯಾಡ" ಎಂದು ನನ್ನ ಅತ್ತೆ ರುದ್ರವ್ವ ನಗುತ್ತಿದ್ದರು.

ನಮ್ಮವರು, ಗುರಲಿಂಗಪ್ಪ, ಏರ್‌ಪೋರ್ಟಿನಲ್ಲಿ ಲೋಡರ್. ವಿಜಾಪುರದ ಕಡೆಯಿಂದ ಬಂದು ಹದಿನೆಂಟು ವರ್ಷ ಊರವರ ಪೆಟ್ಟಿಗೆಗಳನ್ನು ಎತ್ತಿ ಇಳಿಸಿದರೂ ಒಂದು ದಿನ ವಿಮಾನದೊಳಗೆ ಕೂತವರಲ್ಲ. ಒಬ್ಬಳೇ ಮಗಳು ಮಹಾನಂದಾ. ಎಂಬತ್ತಾರರಲ್ಲಿ ಹತ್ತನೇ ಇಯತ್ತೆ ಮುಗಿಸಿ ಹನ್ನೊಂದಕ್ಕೆ ಹೋಗಿದ್ದಳು.

ದೀಪಾವಳಿ ಮುಗಿದ ಒಂದು ರವಿವಾರ ಅಂಗಾರ ಮಾಸ್ತರು ಮನೆಗೆ ಬಂದರು. ನಂದಾ ಕಲಿತ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಅವರು ಪಿ.ಟಿ. ಮಾಸ್ತರು, ಮಂಗಳೂರು ಕಡೆಯವರು. ಶಾಲೆ ಮುಗಿಸಿ ಹೋದ ನಾಲ್ಕೈದು ಹುಡುಗಿಯರಿಗೆ ಬಿಟ್ಟಿ ಓಟ ಕಲಿಸುತ್ತಿದ್ದರು. ಕಬ್ಬಿಣದ ಟ್ರಂಕಿನ ಮೇಲೆ ಕೂತು, ಕೊಟ್ಟ ಚಹಾ ಆರಲು ಬಿಟ್ಟು, ನೇರವಾಗಿ ವಿಷಯಕ್ಕೆ ಬಂದರು.

"ಫೆಬ್ರವರಿಯಲ್ಲಿ ಸಿಟಿ ಟ್ರಯಲ್ಸ್ ಉಂಟು. ಎಂಟುನೂರು ಮೀಟರಲ್ಲಿ ಮೊದಲು ಬಂದ ಇಬ್ಬರನ್ನು ಮುಂಬಯಿ ಟೀಮಿಗೆ ತಗೊಳ್ತಾರೆ. ರಾಜ್ಯದ ಸ್ಪರ್ಧೆಗೆ ನಾಸಿಕಕ್ಕೆ ಹೋಗಲಿಕ್ಕುಂಟು. ಈ ಹುಡುಗಿಗೆ ಆಗ್ತದೆ. ಆದರೆ ಈಗ ಓಡುವ ಹಾಗೆ ಓಡಿದರೆ ಸಾಕಾಗುದಿಲ್ಲ."

"ಈಗ ಹೆಂಗ ಓಡ್ತಾಳ್ರಿ?" ಎಂದರು ನಮ್ಮವರು.

"ಬಸ್ಸು ತಪ್ಪಿದವರ ಹಾಗೆ. ಹೊರಟದ್ದೇ ಓಡುದು, ಮುಗಿಯುವವರೆಗೂ ಓಡುದು. ಇಂಟರ್ವಲ್ ಮಾಡಬೇಕು."

"ಇಂಟರ್ವಲ್ ಸಿನಿಮಾದಾಗ ಬಿಡ್ತಾರಲ್ರಿ?" ಅತ್ತೆ ಮೂಲೆಯಿಂದ ಕೇಳಿದರು.

"ಇದೂ ಬಿಡುದೇ ಅಜ್ಜಿ. ಆ ಸಣ್ಣ ಮೈದಾನ ಉಂಟಲ್ಲ, ಹಗ್ಗ ಹಿಡಿದು ಅಳೆದಿದ್ದೇನೆ. ಒಂದು ಸುತ್ತಿಗೆ ಇನ್ನೂರು ಮೀಟರು. ಒಂದು ಸುತ್ತು ಜೀವ ಬಿಟ್ಟು ಓಡುದು, ಮೂವತ್ತನಾಲ್ಕು ಸೆಕೆಂಡು. ಆಮೇಲೆ ಎರಡು ನಿಮಿಷ ವಿಶ್ರಾಂತಿ. ಮತ್ತೆ ಓಟ. ಹೀಗೆ ಎಂಟು ಸಲ."

"ಸುತ್ತ ಹೊಡದು ಹೊಂಟಲ್ಲಿಗೇ ಬರೂದಾದ್ರ ಹೋಗೂದ್ಯಾಕ?"

"ನಿಮ್ಮ ಬೀಸುವ ಕಲ್ಲು ಎಲ್ಲಿಗೆ ಹೋಗ್ತದೆ ಅಜ್ಜಿ?"

"ಎಲ್ಲಿಗೂ ಹೋಗಂಗಿಲ್ಲ. ಹಿಟ್ಟು ಬೀಳತೈತಿ."

"ಇಲ್ಲಿಯೂ ಬೀಳ್ತದೆ."

ಅತ್ತೆ ಬಾಯಿ ಮುಚ್ಚಿದರು. ಅವರ ಬಾಯಿ ಮುಚ್ಚಿಸಿದ ಮನುಷ್ಯ ಎಂದು ಆವತ್ತಿನಿಂದ ಮಾಸ್ತರಿಗೆ ನಮ್ಮ ಮನೆಯಲ್ಲಿ ಒಂದು ತೂಕ ಬಂತು.

ಅವರು ಹೋದ ಮೇಲೆ ನಮ್ಮವರು ತಮ್ಮ ತೀರ್ಪು ಹೇಳಿದರು. "ಫೆಬ್ರವರಿ ತನಕ. ಇಬ್ಬರಾಗ ಬಂದ್ರ ಕಾಲೇಜೂ ಐತಿ, ಓಟಾನೂ ಐತಿ. ಬರಲಿಲ್ಲಂದ್ರ ಮಾರ್ಚ್ ಒಂದಕ್ಕ ಅವ್ವನ ಸಂಗಾಟ ಪ್ಯಾಕಿಂಗಿಗೆ. ಆಮ್ಯಾಲ ಅಳೂದು ಕರಿಯೂದು ನಡಿಯಂಗಿಲ್ಲ."

"ಡನ್," ಎಂದಳು ನಂದಾ.

"ಡನ್ ಅಂದ್ರ ಏನ?" ಅತ್ತೆ ಕೇಳಿದರು.

"ಹೂಂ ಅಂತ, ಆಯಿ."

ನಸುಕಿನಲ್ಲಿ ಹುಡುಗಿಯನ್ನು ಒಬ್ಬಳೇ ಕಳಿಸುವಂತಿರಲಿಲ್ಲ. ನಮ್ಮವರದು ಆಗ ರಾತ್ರಿಪಾಳಿ. ನಾನೇ ಜೊತೆಗೆ ಹೋಗುವುದೆಂದಾಯಿತು. ರವಿವಾರ ಮಾತ್ರ ಬರಲಾಗುತ್ತಿದ್ದ ಮಾಸ್ತರು ಉಳಿದ ದಿನಗಳಿಗೆಂದು ಒಂದು ನೋಟುಪುಸ್ತಕಕ್ಕೆ ಗೆರೆ ಎಳೆದು ಕೊಟ್ಟರು. ಒಂದು ಸಾಲಿನಲ್ಲಿ ಓಟದ ಸೆಕೆಂಡು, ಪಕ್ಕದ ಸಾಲಿನಲ್ಲಿ ವಿಶ್ರಾಂತಿಯ ನಿಮಿಷ. ನಮ್ಮವರು ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಮುಂಗೈಗೆ ಕಟ್ಟಿದರು. ಸಡಿಲಾಗಿ ಮೊಳಕೈ ತನಕ ಜಾರುತ್ತಿತ್ತು.

ನಮ್ಮ ಚಾಳಿಗೆ ನಳದ ನೀರು ಬರುತ್ತಿದ್ದದ್ದು ಬೆಳಗಿನ ಐದೂವರೆಗೆ. ಆರೂ ಹತ್ತಕ್ಕೆ ನಿಂತೇ ಹೋಗುತ್ತಿತ್ತು. ಒಂದೇ ನಳ, ಇಪ್ಪತ್ತೆರಡು ಮನೆ. ಹಿಂದಿನ ರಾತ್ರಿಯೇ ಕೊಡಗಳನ್ನು ಸಾಲಿಗೆ ಹಚ್ಚಿಟ್ಟರೂ, ನೀರು ಬರುವ ಹೊತ್ತಿಗೆ ಕೊಡದ ಹಿಂದೆ ಅದರ ಒಡತಿ ನಿಂತಿರಬೇಕು. ಇಲ್ಲದಿದ್ದರೆ ಕೊಡ ಕಾಲಿನಿಂದ ಪಕ್ಕಕ್ಕೆ ಸರಿಯುತ್ತಿತ್ತು. ಯಾರೂ ಯಾರಿಗೂ ಕಲಿಸದ ಕಾಯಿದೆ ಅದು.

ಮೈದಾನಕ್ಕೆ ಐದಕ್ಕೆ ಹೋಗುತ್ತಿದ್ದೆವು. ಮೈ ಬೆಚ್ಚಗಾಗಲು ಕಾಲು ಗಂಟೆ ನಿಧಾನದ ಓಟ. ಆಮೇಲೆ ಎಂಟು ಓಟ, ನಡುನಡುವೆ ಎರಡೆರಡು ನಿಮಿಷ. ಮುಗಿಸಿ ಮನೆ ಸೇರಿದರೆ ಐದೂ ಮುಕ್ಕಾಲು. ಮೊದಲ ಮೂರು ದಿನ ಹಾಗೆಯೇ ನಡೆಯಿತು. ಮೂರನೆಯ ದಿನ ಬಂದು ನೋಡಿದರೆ ನನ್ನ ಕೊಡಗಳು ಗಟಾರದ ಪಕ್ಕ ನಿಂತಿದ್ದವು.

"ಕೊಡ ನಿಂದಿರತಾವ, ನೀವ ಎಲ್ಲಿ ನಿಂದಿರತೀರಿ ನೀಲಾಬಾಯಿ?" ಎಂದಳು ಪಕ್ಕದ ಮನೆಯ ಇಂದ್ರಾಬಾಯಿ.

ಆ ದಿನ ಸಿಕ್ಕಿದ್ದು ಎರಡು ಕೊಡ. ಅತ್ತೆಯ ಲಿಂಗಪೂಜೆಗೆ ಒಂದು ತಂಬಿಗೆ, ಅಡಿಗೆಗೆ ಒಂದು ಕೊಡ. ರಾತ್ರಿಯಿಡೀ ಭಾರ ಎತ್ತಿ ಬಂದ ನಮ್ಮವರು ಮೋರಿಯಲ್ಲಿ ಖಾಲಿ ಬಕೇಟು ನೋಡಿ ಅದನ್ನು ಕಾಲಿನಿಂದ ಒದ್ದರು.

"ಮಗಳು ಓಡಲಿ, ಬ್ಯಾಡ ಅಂದವರ್ಯಾರು? ಮನಿ ಮಂದಿ ಹೊಲಸ ಮೈಯಾಗ ಮಲಗಬೇಕೇನು?"

ನಾಲ್ಕನೆಯ ದಿನ ನಂದಾ ಮೊದಲ ಸುತ್ತು ಮುಗಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಗಡಿಯಾರದ ಸೆಕೆಂಡು ಮುಳ್ಳು ಒಂಬತ್ತು ಮುಟ್ಟಿತ್ತು. "ನಡಿ," ಎಂದೆ.

"ಅವ್ವಾ, ಟೂ ಮಿನಿಟ್ಸ್ ಆಗಿಲ್ಲ."

"ಆಗೈತಿ. ನಡಿ ನೀ."

ಮುಕ್ಕಾಲು ನಿಮಿಷ ಆಗಿತ್ತು. ಅವಳು ನನ್ನ ಮುಖ ನೋಡಿದಳು, ಓಡಿದಳು. ಪ್ರತಿ ಸಲವೂ ಹಾಗೆಯೇ ಮಾಡಿದೆ. ಐದೂ ಇಪ್ಪತ್ತೈದಕ್ಕೆಲ್ಲ ಮುಗಿಯಿತು. ನಳದಲ್ಲಿ ನೀರು ಇನ್ನೂ ಕೆಮ್ಮುತ್ತಿರುವಾಗಲೇ ನಾನು ನನ್ನ ಕೊಡದ ಹಿಂದೆ ನಿಂತಿದ್ದೆ.

ಇದರಲ್ಲಿ ತಪ್ಪಿದೆ ಎಂದು ಆಗ ಅನ್ನಿಸಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಬಿಸ್ಕತ್ತು ಹೊತ್ತು ತಿರುಗುವ ಪಟ್ಟಾ ಯಾರಿಗೂ ನಿಲ್ಲುತ್ತಿರಲಿಲ್ಲ. ಬಿಸ್ಕತ್ತು ಬರುತ್ತಲೇ ಇರುತ್ತಿತ್ತು, ಕೈ ಹೋಗುತ್ತಲೇ ಇರಬೇಕಿತ್ತು. ನಿಂತು ಉಸಿರು ಬಿಡಲಿ ಎಂದು ಯಾರಾದರೂ ಯಾರಿಗಾದರೂ ಎರಡು ನಿಮಿಷ ಬರೆದುಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ. ಕಡಿಮೆ ನಿಂತರೆ ಹುಡುಗಿ ಇನ್ನಷ್ಟು ಗಟ್ಟಿಯಾಗುತ್ತಾಳೆ ಎಂದೇ ತಿಳಿದೆ. ನೋಟುಪುಸ್ತಕದ ವಿಶ್ರಾಂತಿಯ ಸಾಲಿಗೆ ಮಾತ್ರ ಎರಡು, ಎರಡು, ಎರಡು ಎಂದು ವಾರದ್ದೆಲ್ಲ ಒಂದೇ ಸಲ, ರವಿವಾರ ರೊಟ್ಟಿ ಬಡಿದು ಮುಗಿಸಿದ ಮೇಲೆ ಬರೆದಿಡುತ್ತಿದ್ದೆ. ಮಕ್ಕಳು ಶುದ್ಧಬರಹ ಬರೆದ ಹಾಗೆ.

ಡಿಸೆಂಬರ್ ಅರ್ಧಕ್ಕೆ ನಂದಾ ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸತೊಡಗಿದಳು. ಎರಡೂವರೆ ರೊಟ್ಟಿ ತಿನ್ನುತ್ತಿದ್ದವಳು ಅರ್ಧ ಮುರಿದು ಉಳಿದದ್ದನ್ನು ನನ್ನ ತಟ್ಟೆಗೆ ಸರಿಸುತ್ತಿದ್ದಳು.

"ಹಸಿವಿಲ್ಲ ಅವ್ವಾ. ಮುಝೆ ಬಸ್ ನೀಂದ್ ಆತಿ ಹೈ, ಬರೀ ನಿದ್ದಿ."

"ಓಡೋ ಎತ್ತಿಗೆ ಮೇವ ಬ್ಯಾಡ ಅಂದ್ರ ಹೆಂಗ?" ಎಂದು ಅತ್ತೆ ಶೇಂಗಾ ಚಟ್ನಿಯ ಮೇಲೆ ಎಣ್ಣೆ ಹಾಕಿ ಅವಳ ಕಡೆ ದೂಡುತ್ತಿದ್ದರು.

ತಿಂಗಳ ಕೊನೆಯ ರವಿವಾರ ಮಾಸ್ತರು ಪೂರ್ತಿ ಎಂಟುನೂರು ಮೀಟರು ಓಡಿಸಿ ನೋಡಿದರು. ನವೆಂಬರಿನಲ್ಲಿ ಎರಡು ನಿಮಿಷ ಇಪ್ಪತ್ತಾರು ಸೆಕೆಂಡಿಗೆ ಓಡಿದ್ದ ಹುಡುಗಿಗೆ ಈಗ ಎರಡು ನಿಮಿಷ ಮೂವತ್ತಮೂರು. ಅವರು ಎರಡು ಸಲ ಸ್ಟಾಪ್‌ವಾಚ್ ನೋಡಿದರು. ಆಮೇಲೆ ನಂದಾಳ ಕೆಳರೆಪ್ಪೆ ಜಗ್ಗಿ ನೋಡಿ, "ರಕ್ತ ಇಲ್ಲ ಮಾರಾಯ್ರೆ ಇದರಲ್ಲಿ," ಎಂದರು.

ಮುನ್ಸಿಪಾಲ್ಟಿ ದವಾಖಾನೆಯಲ್ಲಿ ಬೆರಳು ಚುಚ್ಚಿ ನೋಡಿದರು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದ ಕಡೆ ಎಂಟೂವರೆ. ಕೆಂಪು ಗುಳಿಗೆ ಬರೆದುಕೊಟ್ಟರು. ಮಾಸ್ತರು ಅದರ ಮೇಲೆ ತಮ್ಮದೊಂದು ಪಟ್ಟಿ ಸೇರಿಸಿದರು: ಗುಳಿಗೆ ನುಂಗಿ ಒಂದು ತಾಸು ಚಹಾ ಕುಡಿಯಬಾರದು, ಲಿಂಬೆನೀರು ಕುಡಿಯಬೇಕು, ನೆನೆಸಿದ ಕಡಲೆ, ಬೆಲ್ಲ, ಸೊಪ್ಪು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಪ್ರೋಟೀನ್ ಪುಡಿಯ ಒಂದು ಡಬ್ಬಿ, ದಿನಕ್ಕೆ ಎರಡು ಚಮಚ ಹಾಲಿನಲ್ಲಿ. ಕೊನೆಗೆ ತುಸು ದನಿ ಇಳಿಸಿ, "ಒಂದು ಮೊಟ್ಟೆ ಕೊಟ್ಟರೆ ಒಳ್ಳೆದಿತ್ತು."

"ನಮ್ಮನ್ಯಾಗ ತತ್ತಿ ಬಂದ ದಿನ ನಾ ಊರಿಗೆ ಹೋಗತೀನಿ," ಎಂದರು ಅತ್ತೆ.

"ಟಿಕೀಟ್ ತಗಸಲೇನ ಅವ್ವ?" ನಮ್ಮವರು ಚೇಷ್ಟೆಗೆ ಕೇಳಿದರು. ಅತ್ತೆ ಎರಡು ದಿನ ಮಗನ ಜೊತೆ ಮಾತಾಡಲಿಲ್ಲ. ತತ್ತಿಯೂ ಬರಲಿಲ್ಲ.

ಡಬ್ಬಿ ಬಂತು. ಪಗಾರದ ದಿನ ನಮ್ಮವರೇ ಅದನ್ನು ಬಗಲಲ್ಲಿ ಹಿಡಿದು ತಂದು, ದೇವರ ಗೂಡಿನ ಪಕ್ಕ ಇಟ್ಟು, "ಇದು ನಂದಾಗ. ಬ್ಯಾರೆ ಯಾರೂ ಮುಟ್ಟಬಾರದು. ಒಂದ ತಿಂಗಳ ಬರಬೇಕು," ಎಂದು ಅಪ್ಪಣೆ ಮಾಡಿದರು. ಮುಚ್ಚಳ ತೆಗೆದರೆ ಚಾಕಲೇಟಿನ ವಾಸನೆ.

ಅದು ಒಂಬತ್ತು ದಿನ ಬಂತು.

ನಂದಾ ಬಾಗಿಲಲ್ಲಿ ಕೂತು ಲೋಟ ಎತ್ತಿದಾಗ ಇಂದ್ರಾಬಾಯಿಯ ಮೊಮ್ಮಕ್ಕಳಿಬ್ಬರು ಎದುರಿಗೆ ನಿಂತು ಅವಳ ಗಂಟಲನ್ನೇ ನೋಡುತ್ತಿದ್ದರು. ಅತ್ತೆಗೆ ಅದು ಆಗಿ ಬರಲಿಲ್ಲ. ಮೊದಲು ಆ ಇಬ್ಬರಿಗೆ ಒಂದೊಂದು ಚಮಚ ಕಲಸಿ ಕೊಟ್ಟರು. ಮಾರನೆಯ ದಿನ ಮೇಲಿನ ಮಾಳಿಗೆಯ ಬಸುರಿಗೆ. ಆಮೇಲೆ ರಾತ್ರಿಪಾಳಿ ಮುಗಿಸಿ ಬಂದ ಮಗನಿಗೂ, ಹೆಸರು ಹೇಳದೆ, ಚಹಾದಲ್ಲಿ. ಹತ್ತನೆಯ ದಿನ ನಮ್ಮವರು ಡಬ್ಬಿ ಅಲ್ಲಾಡಿಸಿ ನೋಡಿದರು.

"ಏನವ್ವ ಇದು? ಹಂಚಾಕ ಇದೇನ ಪರಸಾದ ಏನು?"

"ಒಬ್ಬರ ಬಾಯಿ ಆಡೂದು, ಹತ್ತ ಮಂದಿ ನೋಡೂದು. ಹಂಗ ಕುಡದದ್ದು ಮೈಗೆ ಹತ್ತತೈತೇನೋ ಗುರು?"

"ಮೈಗೆ ಹತ್ತಬೇಕಾದಾಕಿ ನಂದಾ. ಇಡೀ ಚಾಳಿಗೆ ಹತ್ತಿಸಿದಿಯಲ್ಲ!"

"ನೀನೂ ಕುಡದೀಯಪ್ಪ, ಐದ ದಿನ. ಚಾ ಭಾಳ ಚಲೋ ಆಗೈತಿ ಅಂದಿ."

ನಂದಾ ಫಕ್ಕನೆ ನಕ್ಕಳು. ನಮ್ಮವರು ಅಂಗಿ ಹಾಕಿಕೊಂಡು ಹೊರಗೆ ಹೋಗಿ ರಾತ್ರಿ ಊಟದ ಹೊತ್ತಿಗೇ ಬಂದರು.

ಅತ್ತೆಗೆ ಒಳಗೊಳಗೇ ಚುಚ್ಚಿತ್ತು. ಅಂಗಡಿಯ ಪುಡಿ ಹೋದರೆ ಹೋಯಿತು, ತಮಗೆ ಗೊತ್ತಿದ್ದದ್ದನ್ನು ಮಾಡುತ್ತೇನೆ ಎಂದು ಹೊರಟರು. ಊರಿಂದ ತಂದಿಟ್ಟಿದ್ದ ತಿನ್ನುವ ಅಂಟು, ಒಣಕೊಬ್ಬರಿ, ಉತ್ತತ್ತಿ, ಅಳವಿ ಬೀಜ, ಬೆಲ್ಲ ಎಲ್ಲವನ್ನೂ ಹರವಿ ಕೂತು, ತುಪ್ಪದಲ್ಲಿ ಅಂಟು ಅರಳಿಸಿ ಉಂಡಿ ಕಟ್ಟಿದರು. ನಮ್ಮ ಕಡೆ ಅಂಟಿನ ಉಂಡಿ ಮಾಡುವುದು ಹಡೆದವಳಿಗೆ. ಸೊಂಟಕ್ಕೆ ಶಕ್ತಿ, ಮೈಗೆ ರಕ್ತ. ಮದುವೆಯಾಗದ ಹುಡುಗಿಗೆ ಯಾರೂ ಮಾಡುವುದಿಲ್ಲ.

ಮಾರನೆಯ ದಿನ ನಳದ ಹತ್ತಿರ ಇಂದ್ರಾಬಾಯಿ ಎಲ್ಲರಿಗೂ ಕೇಳುವ ಹಾಗೆ, "ಏನ್ರೀ ನೀಲಾಬಾಯಿ, ನಿಮ್ಮನ್ಯಾಗ ಬಾಣಂತಿ ಅದಾರೇನು? ಅಂಟಿನ ವಾಸನಿ ಘಮ್ಮ ಅಂತಿತ್ತು. ನಂದಾ ಕಾಲೇಜಿಗೆ ಹೊಂಟಾಳೋ ಇಲ್ಲೋ?"

ಹನ್ನೆರಡು ಹೆಂಗಸರು ಕೊಡ ತುಂಬುವುದನ್ನೇ ಮರೆತರು. ಸುದ್ದಿ ನಮ್ಮವರಿಗೆ ಮಧ್ಯಾಹ್ನದೊಳಗೆ ತಲುಪಿತು.

"ಮಾರ್ಚ್ ತನಕ ಯಾಕ, ಇವತ್ತಿಗೇ ಬಂದ್ ಮಾಡು!" ಎಂದು ಕೂಗಾಡಿದರು. "ನಾಳೆ ನಮ್ಮ ಮಂದಿ ಮುಂದ ಏನಂತ ಬಾಯಿ ತಗೀಲಿ?"

ಅತ್ತೆ ಉಂಡಿಯ ಡಬ್ಬಿ ಎತ್ತಿಕೊಂಡು, ನೋಯುವ ಮೊಣಕಾಲು ಎಳೆಯುತ್ತ, ಚಾಳಿನ ನಡುವಿನ ಹಾದಿಗೆ ಹೋಗಿ ನಿಂತು ಕೂಗಿದರು. "ಕೇಳ್ರವಾ ಎಲ್ಲಾರು! ಎಪ್ಪತ್ತನೇ ವರ್ಷಕ್ಕ ನಾನ ಹಡದೀನಿ! ಬಾಣಂತಿ ನಾನ! ಉಂಡಿ ಬೇಕಾದವರು ಬರ್ರಿ, ಕೂಸಿನ ನೋಡಾಕ ಮಾತ್ರ ರೊಕ್ಕ ಬೀಳತೈತಿ!"

ಚಾಳಿಗೆ ಚಾಳೇ ನಕ್ಕಿತು. ಇಂದ್ರಾಬಾಯಿ ಸೆರಗು ಬಾಯಿಗೆ ಹಿಡಿದು ಬಂದು ಎರಡು ಉಂಡಿ ತೆಗೆದುಕೊಂಡಳು. ಆ ಮಾತು ಅಲ್ಲಿಗೆ ಸತ್ತಿತು. ಉಳಿದ ಉಂಡಿಗಳನ್ನು ಅತ್ತೆ ಈ ಸಲ ಹಾಸಿಗೆಯ ಗಂಟಿನೊಳಗೆ ಬಚ್ಚಿಟ್ಟು, ದಿನಕ್ಕೊಂದರಂತೆ ನಂದಾಳಿಗೆ ತಿನಿಸಿದರು.

ಜನವರಿ ಮೂರನೆಯ ರವಿವಾರ ಮತ್ತೆ ಓಡಿಸಿ ನೋಡಿದರು. ಗುಳಿಗೆ ಆಗಿತ್ತು, ಉಂಡಿ ಆಗಿತ್ತು, ತುಟಿಗೆ ತುಸು ಬಣ್ಣವೂ ಬಂದಿತ್ತು. ಗಡಿಯಾರ ಎರಡು ನಿಮಿಷ ಮೂವತ್ತೊಂದು ತೋರಿಸಿತು. ನಂದಾ ಗೆರೆ ದಾಟಿ ಹುಲ್ಲಿನ ಮೇಲೆ ಅಂಗಾತ ಬಿದ್ದಳು.

ಮಾಸ್ತರು ನೋಟುಪುಸ್ತಕ ಹಾಳೆ ಹಾಳೆ ತಿರುವಿದರು. ಓಟದ ಸೆಕೆಂಡು ಏರುತ್ತ ಹೋಗಿತ್ತು, ವಿಶ್ರಾಂತಿಯ ಸಾಲಿನಲ್ಲಿ ಮಾತ್ರ ಎಲ್ಲಿಯೂ ತಪ್ಪು ಸಿಗಲಿಲ್ಲ ಅವರಿಗೆ.

"ಶನಿವಾರದೊಳಗೆ ಹೆಸರು ಕೊಡಬೇಕು. ಇವಳದ್ದು ಕೊಡುದಿಲ್ಲ ನಾನು," ಎಂದರು ಮೆಲ್ಲಗೆ. "ಬಿದ್ದುಗಿದ್ದು ಹೋದರೆ ಯಾರಿಗೆ ಉತ್ತರ ಹೇಳುದು? ಎಲ್ಲ ಸರಿ ಮಾಡಿಯೂ ಆಗುದಿಲ್ಲ ಅಂದರೆ, ಮೈಯೇ ಅಷ್ಟು ಅಂತ ಅರ್ಥ."

ನಂದಾ ಎದ್ದು ಕೂತಳು. ಅಳಲಿಲ್ಲ. ಮೊಣಕಾಲಿಗೆ ಅಂಟಿದ ಹುಲ್ಲು ಒಂದೊಂದೇ ಕೀಳುತ್ತ ಕೂತಳು.

"ರೆಸ್ಟ್ ಎಷ್ಟು ತಗೊಳ್ತಿ ಮಗಾ?" ಮಾಸ್ತರು ಸುಮ್ಮನೆ ಕೇಳಿದ ಹಾಗೆ ಕೇಳಿದರು.

"ಎರಡು ಮಿನಿಟ್, ಸರ್."

"ಬರೋಬ್ಬರಿ ಎರಡು?"

"ಹೌದು, ಸರ್." ನನ್ನ ಕಡೆ ಅವಳು ನೋಡಲೇ ಇಲ್ಲ.

ಅವಳಿಗೆ ಎಲ್ಲ ಗೊತ್ತಿತ್ತು. ಎರಡು ತಿಂಗಳಿಂದ ಗೊತ್ತಿತ್ತು. ಮಾರ್ಚ್ ಒಂದಕ್ಕೆ ಪಟ್ಟಾದ ಮುಂದೆ ನಿಲ್ಲಬೇಕಾದವಳು ಅವಳು, ಆದರೂ ನನ್ನ ಹೆಸರು ಬಾಯಿಂದ ಬರಲಿಲ್ಲ.

"ಸುಳ್ಳ ಹೇಳಾಕತ್ತಾಳ್ರಿ ಮಾಸ್ತರ," ಎಂದೆ. "ಎರಡ ಅಲ್ಲ. ಮುಕ್ಕಾಲ. ನಾನ ಎಬ್ಬಸತಿದ್ದೆ. ಪುಸ್ತಕದಾಗಿಂದು ನಾ ಬರದದ್ದು."

"ಎಂತದು?"

"ನೀರ ಬರ್ತಾವ್ರಿ ಐದೂವರಿಗೆ."

ಮಾಸ್ತರು ನೋಟುಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಬೈದಿದ್ದರೆ ವಾಸಿಯಿತ್ತು. ಕೊನೆಗೆ ನನ್ನ ಪಕ್ಕ ಕೂತು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. "ಅಮ್ಮ, ಆ ಎರಡು ನಿಮಿಷ ಉಂಟಲ್ಲ, ಅದು ಸೋಮಾರಿತನ ಅಲ್ಲ. ಆಗಲೇ ಎದೆ ಇಳಿಯುದು, ಕಾಲು ತಿರುಗಿ ತಯಾರಾಗುದು. ಆಗ ಮುಂದಿನ ಸುತ್ತು ಪೂರಾ ಜೋರಿನಲ್ಲಿ ಓಡಬಹುದು. ನಿಲ್ಲದೆ ಓಡಿದರೆ ಜೋರು ಬರುದಿಲ್ಲ, ಸುಸ್ತು ಮಾತ್ರ ಬರ್ತದೆ. ನೀವು ಗುಳಿಗೆ ಕೊಟ್ಟಿರಿ, ಉಂಡೆ ಕೊಟ್ಟಿರಿ. ತೂತು ಕೊಡಕ್ಕೆ ನೀರು ಹಾಕಿದ ಹಾಗಾಯಿತು."

"ಈಗ ಏನ ಮಾಡೂದ್ರಿ?"

"ಎಂಟು ದಿನ ಓಟ ಬಂದ್. ಮಲಗಲಿ, ತಿನ್ನಲಿ. ಆಮೇಲೆ ನಾಲ್ಕು ವಾರ ಉಂಟು. ಹೆಸರು ಕೊಡ್ತೇನೆ. ಆದರೆ ನಿಮ್ಮ ಆ ನಳಕ್ಕೆ ಬೇರೆ ಜನ ನೋಡಿ ಮಾರಾಯ್ರೆ."

ಆ ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿದೆ. ನಮ್ಮವರ ಕೈಯಲ್ಲಿನ ರೊಟ್ಟಿ ಹಾಗೇ ನಿಂತಿತು.

"ಸುಳ್ಳ ಬರದೀ? ನಾ ಬಿಚ್ಚಿ ಕೊಟ್ಟ ಗಡಿಯಾರ ನೋಡಿ ಸುಳ್ಳ ಬರದೀ?"

"ಬರದೀನಿ. ಎರಡ ಕೊಡ ನೀರ ತಂದ ದಿನ ನೀವ ಏನ ಮಾಡಿದ್ರಿ? ಬಕೀಟ ಒದ್ರಿ. ನಿಮಗ ಜಳಕ ಬೇಕು, ಅತ್ತಿಗೆ ಪೂಜಾ ಬೇಕು, ಏಳಕ್ಕ ನನಗ ಕಾರ್ಖಾನಿ ಗೇಟ ಬೇಕು. ಎಲ್ಲಾನೂ ಎಲ್ಲಿಂದ ತರಲಿ? ಆಕಿ ಉಸಿರಿನಾಗಿಂದ ತಂದೆ."

ವಿಮಾನವೊಂದು ಎದ್ದು ಹೋಯಿತು. ಅತ್ತೆ ಗೋಡೆ ಹಿಡಿದು ಏಳತೊಡಗಿದರು.

"ನಾಳಿಂದ ನಳಕ್ಕ ನಾ ಹೋಗತೀನಿ."

"ಕೂಡ್ರು ಅವ್ವ. ಎರಡ ಮೆಟ್ಟ ಇಳಿಯಾಕ ಆಗಂಗಿಲ್ಲ ನಿನಗ."

"ಹಂಗಾದ್ರ ಯಾರ ಹೋಗೂದೋ? ನಿನ್ನ ಗಡಿಯಾರ ಹೋಗತೈತೇನು?"

ನಮ್ಮವರು ರೊಟ್ಟಿ ಮುಗಿಸಿ ಕೈ ತೊಳೆದರು. ಹೊರಗೆ ಹೋಗಿ ಬೀಡಿ ಸೇದಿ ಬಂದರು. ಮಾರನೆಯ ದಿನ ಮುಕಾದಮನನ್ನು ಕಾಡಿ ಬೇಡಿ ಒಂದು ತಿಂಗಳ ಮಟ್ಟಿಗೆ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡರು. ಎಂಟು ದಿನ ಕಳೆದು ನಾವು ಮತ್ತೆ ಮೈದಾನಕ್ಕೆ ಹೊರಟ ನಸುಕಿನಲ್ಲಿ ಲುಂಗಿ ಮೇಲೆ ಕಟ್ಟಿ, ಹೆಗಲಿಗೆ ಟವೆಲ್ಲು ಹಾಕಿ, ಇಪ್ಪತ್ತೊಂದು ಹೆಂಗಸರ ನಡುವೆ ಹೋಗಿ ನಿಂತರು.

"ಏನ ಗುರಲಿಂಗಪ್ಪಣ್ಣ," ಎಂದಳಂತೆ ಇಂದ್ರಾಬಾಯಿ, "ಈ ಸಲ ಬಾಣಂತಿ ನೀವ ಏನು?"

"ಅಲ್ಲವಾ, ನಾ ಸೂಲಗಿತ್ತಿ. ಕೊಡ ಸರಿಸು."

ಒಂದು ವಾರ ನಕ್ಕರು. ಎರಡನೆಯ ವಾರ ನೀರು ಸಣ್ಣಗೆ ಬಂದ ದಿನ ನಳದ ತಲೆ ಬಿಚ್ಚಿ ಕಸ ತೆಗೆದು ಕೂಡಿಸಿದರು. ಆಮೇಲೆ ಅವರ ಕೊಡವನ್ನು ಯಾರೂ ಸರಿಸಲಿಲ್ಲ.

ಆ ನಾಲ್ಕು ವಾರಗಳು ಈಗಲೂ ನೆನಪಾಗುತ್ತವೆ. ಮನೆಯೊಳಗೇ ನಳ ಬಂದು ನಾಲ್ಕು ವರ್ಷವಾಯಿತು, ಅತ್ತೆ ಹೋಗಿ ಎರಡು ವರ್ಷ. ಕಲ್ಯಾಣದ ಒಂದು ಶಾಲೆಯಲ್ಲಿ ಮಕ್ಕಳನ್ನು ಓಡಿಸುತ್ತಿರುವ ನಂದಾ ಮನೆಗೆ ಬಂದರೆ ಆ ನಸುಕುಗಳ ಮಾತನ್ನೇ ತೆಗೆಯುತ್ತಾಳೆ. ಓಟದ್ದಲ್ಲ, ನಡುವಿನ ಎರಡು ನಿಮಿಷಗಳದ್ದು.

ಮೊದಮೊದಲು ಆ ಎರಡು ನಿಮಿಷ ನನಗೆ ಎಷ್ಟು ಉದ್ದವಾಗಿ ಕಾಣುತ್ತಿತ್ತು! ಸಿಮೆಂಟಿನ ಕಟ್ಟೆಯ ಮೇಲೆ ಕೂತರೆ ಕೈಗಳು ಏನನ್ನಾದರೂ ಹುಡುಕುತ್ತಿದ್ದವು. ಆರಿಸಲು ಅಕ್ಕಿಯಿಲ್ಲ, ಹೊಲಿಯಲು ಗುಂಡಿಯಿಲ್ಲ. ಆರೇ ಡೇರಿಯ ಹಾಲಿನ ಗಾಡಿ ಬಾಟಲಿ ಕುಲುಕಿಸುತ್ತ ಹೋಗುತ್ತಿತ್ತು. ಗೋಡೆಯಾಚೆ ವಿಮಾನದ ದೀಪಗಳು ಸಾಲಾಗಿ ಉರಿಯುತ್ತಿದ್ದವು. ನಂದಾ ಸೊಂಟಕ್ಕೆ ಕೈ ಕೊಟ್ಟು ನನ್ನ ಮುಂದೆ ಅತ್ತಿತ್ತ ನಡೆಯುತ್ತಿದ್ದಳು. ಮೊದಲ ನಿಮಿಷ ಬರೀ ಉಸಿರು. ಎರಡನೆಯ ನಿಮಿಷದಲ್ಲಿ ಮಾತು ಬರುತ್ತಿತ್ತು.

"ಅವ್ವಾ, ನೀ ಸಣ್ಣಾಕಿದ್ದಾಗ ಓಡಿದ್ದಿ?"

"ಓಡೀನಲ್ಲ. ಎಮ್ಮಿ ಹಿಂದ."

"ಕೌನ್ ಜೀತಾ?"

"ಗೆದ್ದದ್ದು ಎಮ್ಮಿ."

ನಗುತ್ತಲೇ ಓಡುತ್ತಿದ್ದಳು. ಸುತ್ತು ಮುಗಿಸಿ ಬಂದು, ಉಸಿರು ಇಳಿದ ಮೇಲೆ, ಬಿಟ್ಟಲ್ಲಿಂದಲೇ ಮತ್ತೆ ಕೇಳುತ್ತಿದ್ದಳು. ಎಮ್ಮೆಗೆ ಏನು ಹೆಸರಿಟ್ಟಿದ್ದಿರಿ. ಶಾಲೆ ಯಾಕೆ ಬಿಟ್ಟೆ. ಮುಂಬಯಿಗೆ ಬಂದ ದಿನ ಅಳು ಬಂದಿತ್ತೇ. ದಿನಕ್ಕೆ ಏಳು ಸಲ ಎರಡೆರಡು ನಿಮಿಷ. ಹದಿನಾರು ವರ್ಷ ಒಂದೇ ಖೋಲಿಯಲ್ಲಿ ಇದ್ದೂ ನಾವಿಬ್ಬರೂ ಅಷ್ಟು ಮಾತಾಡಿರಲಿಲ್ಲ. ಒಂದು ದಿನ ನಾನೇ ಕೇಳಿದೆ, "ಅವತ್ತ ಮಾಸ್ತರ ಮುಂದ ಯಾಕ ಸುಳ್ಳ ಹೇಳಿದಿ?"

"ನೀ ಬೈಸಿಕೊಳ್ಳೋದು ನನಗ ನೋಡಾಕ ಆಗಂಗಿಲ್ಲ," ಎಂದಳು. ಅಷ್ಟರಲ್ಲಿ ಎರಡು ನಿಮಿಷ ಆಗಿತ್ತು. "ಟೈಮ್, ಅವ್ವಾ," ಎಂದು ಅವಳೇ ನೆನಪು ಮಾಡಿ ಓಡಿದಳು. ಆ ಸುತ್ತಿನ ಸೆಕೆಂಡು ನೋಡುವುದು ನನಗೆ ತಪ್ಪಿಹೋಯಿತು.

ಫೆಬ್ರವರಿಯ ಕೊನೆಯ ರವಿವಾರ, ಮರೀನ್ ಲೈನ್ಸ್ ಹತ್ತಿರದ ಮೈದಾನದಲ್ಲಿ ಟ್ರಯಲ್ಸ್. ನಮ್ಮವರಿಗೆ ರಜೆ ಸಿಗಲಿಲ್ಲ. ನಾನು ನಂದಾ ಜೊತೆ ಹೋದೆ. ಒಂಬತ್ತು ಹುಡುಗಿಯರು, ಹೆಚ್ಚಿನವರ ಕಾಲಲ್ಲಿ ಮೊಳೆಯ ಬೂಟು. ನಂದಾಳದ್ದು ಬಿಳಿ ಕ್ಯಾನ್ವಾಸ್. ಎರಡು ಸುತ್ತಿನ ಓಟ. ಮೊದಲ ಸುತ್ತು ಮುಗಿದಾಗ ಅವಳು ಆರನೆಯವಳು. ನಾನು ಕಣ್ಣು ಮುಚ್ಚಿದೆ.

"ಕಣ್ಣು ಬಿಡಿ ಅಮ್ಮ, ಈಗ ನೋಡುದು," ಎಂದರು ಮಾಸ್ತರು.

ಕಣ್ಣು ಬಿಟ್ಟಾಗ ನಾಲ್ಕನೆಯವಳಾಗಿದ್ದಳು. ಕೊನೆಯ ತಿರುವಿನಲ್ಲಿ ಮೂರನೆಯವಳು. ಮುಂದಿದ್ದ ಎತ್ತರದ ಹುಡುಗಿಯ ಹೆಗಲು ಸಡಿಲಾಗುವುದು ನನಗೇ ಕಾಣಿಸಿತು, ನಂದಾಳ ಹೆಗಲು ಸಡಿಲಾಗಲಿಲ್ಲ. ಗೆರೆ ದಾಟುವಾಗ ಇಬ್ಬರೂ ಒಂದೇ ಎನ್ನಿಸಿತು. ಪಂಚರು ಸೇರಿ ಮಾತಾಡಿದರು. ಮಾಸ್ತರು ಓಡಿಹೋಗಿ ಕೇಳಿ, ಓಡಿಯೇ ಬಂದರು. ಐವತ್ತು ದಾಟಿದ ಮನುಷ್ಯ.

"ಎರಡನೆಯದು! ಎರಡು ನಿಮಿಷ ಇಪ್ಪತ್ತೆರಡು!" ಎಂದು ಸ್ಟಾಪ್‌ವಾಚನ್ನು ನನ್ನ ಮುಖಕ್ಕೆ ಹಿಡಿದರು. ಕಣ್ಣಲ್ಲಿ ನೀರು ತುಂಬಿ ನನಗೆ ಒಂದಂಕಿಯೂ ಕಾಣಲಿಲ್ಲ.

ಮಧ್ಯಾಹ್ನದ ಸ್ಲೋ ಲೋಕಲ್ ಹಿಡಿದೆವು. ರವಿವಾರ, ಲೇಡೀಸ್ ಡಬ್ಬಿ ಅರ್ಧ ಖಾಲಿ. ಕಿಟಕಿ ಪಕ್ಕ ಕೂತ ನಂದಾ ಗ್ರಾಂಟ್ ರೋಡ್ ಬರುವಷ್ಟರಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಬಾಯಿ ತುಸು ತೆರೆದಿತ್ತು, ಮೊಣಕಾಲ ಮೇಲೆ ಮೈದಾನದ ಕೆಂಪು ಮಣ್ಣು. ದಾದರ್ ಹೋಯಿತು, ಬಾಂದ್ರಾ ಹೋಯಿತು. ಸಾಂತಾಕ್ರೂಜಿನಲ್ಲಿ ಎಬ್ಬಿಸಬೇಕೆಂದು ಕೈ ಎತ್ತಿದೆ.

ಪಾರ್ಲೆ ಬಂತು. ಜನ ಇಳಿದರು, ಹತ್ತಿದರು. ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಹಿಟ್ಟು ಗಿರಣಿಗೆ ಹಾಕಬೇಕಿತ್ತು, ವಾರದ ಬಟ್ಟೆ ನೆನೆದಿತ್ತು. ನಮ್ಮ ಟಿಕೆಟ್ಟು ಪಾರ್ಲೆ ತನಕ ಮಾತ್ರ. ಎತ್ತಿದ ಕೈಯನ್ನು ಅವಳ ಕೂದಲ ಮೇಲೆ ಇಟ್ಟೆ. ಗಾಡಿ ಹೊರಟಿತು.

ಅಂಧೇರಿ, ಗೋರೆಗಾಂವ್, ಮಲಾಡ್. ಕೊನೆಯ ನಿಲ್ದಾಣ ಬೋರಿವಲಿಯಲ್ಲಿ ಡಬ್ಬಿ ಪೂರ್ತಿ ಖಾಲಿಯಾಯಿತು. ಕೊನೆಗೆ ಇಳಿದ ಹೆಂಗಸು ತಿರುಗಿ, "ಉತರ್ನಾ ನಹೀಂ ಕ್ಯಾ, ಬಾಯಿ?" ಎಂದು ಕೇಳಿದಳು.

"ಇದ ಗಾಡಿ ವಾಪಸ್ ಪಾರ್ಲೆಕ್ಕ ಹೋಗತೈತಲ್ಲ," ಎಂದೆ. ಕನ್ನಡ ಅವಳಿಗೆ ತಿಳಿಯಿತೋ ಇಲ್ಲವೋ, ಮಲಗಿದವಳನ್ನು ನೋಡಿ ತಲೆಯಾಡಿಸಿ ಹೋದಳು.